ಹೊಸ ಹಿಮಾಲಯನ್ 450: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್ 2023ರ ನವೆಂಬರ್‌ನಲ್ಲಿ ಹೊಸ ರೂಪದಲ್ಲಿ ಬಂದಾಗಿನಿಂದ ನಮ್ಮ ಭಾಗದ ಸವಾರರಲ್ಲಿ ಹಳೆಯದೇ ಚೆಂದ ಎನ್ನುವವರು, ಹೊಸದೇ ಮೇಲು ಎನ್ನುವವರು ಎಂದು ಎರಡು ಪಕ್ಷಗಳಾಗಿವೆ. ಪೆಟ್ರೋಲ್ ಬಂಕಿನಲ್ಲಿ, ಜಾಂಬೋಟಿಯ ಚಹದಂಗಡಿಯ ಮುಂದೆ, ಬಾದಾಮಿಯ ಪಾರ್ಕಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಸಾಕು, ಯಾರಾದರೂ ಬಂದು ಕೇಳುತ್ತಾರೆ. ಪತ್ರ ಬರೆದು ಕೇಳುವವರೂ ಇದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಹೊಸದಾಗಿ ಕೊಳ್ಳುವವರಿಗೆ ಬೇಕಾದದ್ದು ಮೊದಲಿಗಿದೆ, ಗಾಡಿಯ ಒಳಹೊರಗು ಬಲ್ಲವರಿಗೆ ಬೇಕಾದದ್ದು ಕೊನೆಯಲ್ಲಿದೆ.

## ಕೊಳ್ಳುವ ಮೊದಲು

ಹೆಸರು ಅದೇ ಇದೆಯಲ್ಲ, ನಿಜಕ್ಕೂ ಬದಲಾದದ್ದು ಏನು?

ಹೆಸರು, ಮುಂದಿನ 21 ಅಂಗುಲ ಮತ್ತು ಹಿಂದಿನ 17 ಅಂಗುಲದ ಚಕ್ರಗಳ ಅಳತೆ, ದುಂಡು ದೀಪ, ಇಷ್ಟು ಬಿಟ್ಟರೆ ಬಹುತೇಕ ಎಲ್ಲವೂ ಬದಲಾಗಿದೆ. 2016ರಲ್ಲಿ ಬಂದ ಹಳೆಯ ಗಾಡಿಯದು ಗಾಳಿ ಮತ್ತು ಆಯಿಲ್‌ನಿಂದ ತಣಿಯುವ 411 ಸಿಸಿ ಎಂಜಿನ್. ಶಕ್ತಿ 24 ಪಿಎಸ್‌ನಷ್ಟು (ಪಿಎಸ್ ಅಶ್ವಶಕ್ತಿಯ ಅಳತೆ), ಟಾರ್ಕ್, ಅಂದರೆ ತಿರುಗಿಸುವ ಬಲ, 32 ಎನ್‌ಎಂ, ಐದು ಗೇರ್. ಹೊಸದರಲ್ಲಿರುವ 452 ಸಿಸಿಯ ಶೆರ್ಪಾ ಎಂಜಿನ್‌ಗೆ ರೇಡಿಯೇಟರ್ ಇದೆ. ಈ ಕಂಪನಿಯ ಗಾಡಿಗಳಲ್ಲಿ ದ್ರವದಿಂದ ತಣಿಯುವ ಮೊದಲ ಎಂಜಿನ್ ಇದೇ. ಶಕ್ತಿ 40 ಪಿಎಸ್, ಟಾರ್ಕ್ 40 ಎನ್‌ಎಂ, ಆರು ಗೇರ್. ಪೆಟ್ರೋಲ್ ಟ್ಯಾಂಕ್ 15ರಿಂದ 17 ಲೀಟರ್‌ಗೆ ಏರಿದೆ. ಮುಂದಿನ ಡಿಸ್ಕ್ 300 ಮಿ.ಮೀ. ಇದ್ದದ್ದು 320 ಆಗಿದೆ.

ನೋಡಿದವರೆಲ್ಲ ಹೊಸದು ದೊಡ್ಡದು, ಭಾರದ್ದು ಎನ್ನುತ್ತಾರೆ. ತೂಕದ ಲೆಕ್ಕ ಬೇರೆಯೇ ಹೇಳುತ್ತದೆ: ಹಳೆಯದು 199 ಕೆ.ಜಿ., ಹೊಸದು 196.

ಹಳೆಯ ಹಿಮಾಲಯನ್ ಇಟ್ಟುಕೊಂಡವರಿಗೆ ಇಷ್ಟೊಂದು ಬೇಸರ ಏಕೆ? ಹೊಸದು ಚೆನ್ನಾಗಿಯೇ ಇದೆಯಲ್ಲ?

ಬೇಸರಕ್ಕೆ ಕಾರಣ ಇದೆ, ಅದನ್ನು ಹಟ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಹಳೆಯ ಎಂಜಿನ್‌ನ ಸಿಲಿಂಡರ್ 78 ಮಿ.ಮೀ. ಅಗಲ, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 86 ಮಿ.ಮೀ. ಅಗಲಕ್ಕಿಂತ ಓಟ ಹೆಚ್ಚು. ಇಂಥ ಎಂಜಿನ್ ನಿಧಾನವಾಗಿ ತಿರುಗುತ್ತಲೇ ಬಲ ಕೊಡುತ್ತದೆ. ಹುನಗುಂದದ ಕಡೆಯ ಹಳ್ಳಿ ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂದರೆ ಗೇರ್ ಇಳಿಸದೆ, ಥ್ರಾಟಲ್ (ಆಕ್ಸಿಲರೇಟರ್) ಹಿಂಡದೆ, ಹಿಂಡಿನ ಹಿಂದೆಯೇ ಸಾಗಿ, ದಾರಿ ಬಿಟ್ಟ ಮೇಲೆ ಅದೇ ಗೇರಿನಲ್ಲಿ ವೇಗ ಹಿಡಿಯಬಹುದಿತ್ತು. ಹೊಸದರ ಸಿಲಿಂಡರ್ 84 ಮಿ.ಮೀ. ಅಗಲ, ಓಟ 81.5. ಲೆಕ್ಕ ತಿರುಗಿದೆ. ಇದು ವೇಗವಾಗಿ ತಿರುಗಲು ಬಯಸುವ ಎಂಜಿನ್. ಸದ್ದೂ ಹಾಗೆಯೇ ಬದಲಾಗಿದೆ. ಆ ಗಡಸು ಡಗಡಗ ಸದ್ದಿನೊಂದಿಗೆ ವರ್ಷಗಟ್ಟಲೆ ದಾರಿ ಸವೆಸಿದವರಿಗೆ ಹೊಸದರ ಸದ್ದು ಪರಕೀಯ ಎನ್ನಿಸಿದರೆ ಅದರಲ್ಲಿ ತಪ್ಪೇನಿದೆ?

ಇನ್ನೊಂದು ಕಾರಣ ಧೈರ್ಯಕ್ಕೆ ಸಂಬಂಧಿಸಿದ್ದು. ಹಳೆಯದನ್ನು ಬಿಚ್ಚಿ ನೋಡುವ ಧೈರ್ಯ ಮಾಲೀಕನಿಗೂ ಇತ್ತು, ಊರಿನ ಮೆಕ್ಯಾನಿಕ್‌ಗೂ ಇತ್ತು. ಹೊಸದರಲ್ಲಿ ಥ್ರಾಟಲ್‌ಗೆ ತಂತಿಯ ಕೇಬಲ್ ಇಲ್ಲ, ಎಲೆಕ್ಟ್ರಾನಿಕ್ ಸಂಪರ್ಕವಿದೆ, ವಾಲ್ವ್ ತೆರೆಯಲು ಎರಡು ಕ್ಯಾಮ್ ಇವೆ, ಮಾಹಿತಿ ತೋರಿಸುವ ಪರದೆ ಇದೆ.

ಆದರೆ ಒಂದು ಮಾತನ್ನು ಹಳೆಯ ಗೆಳೆಯರಿಗೆ ನೆನಪಿಸಲೇಬೇಕು. ಆರನೇ ಗೇರ್ ಕೊಡಿ, ಮುಂದಿನ ಬ್ರೇಕ್ ಇನ್ನಷ್ಟು ಹಿಡಿಯಬೇಕು, ಹೆದ್ದಾರಿಯಲ್ಲಿ ಉಸಿರು ಕಟ್ಟುತ್ತದೆ ಎಂದು ಏಳು ವರ್ಷ ಕೇಳುತ್ತ ಬಂದವರು ಅವರೇ. ಹೊಸದು ಆ ಮೂರಕ್ಕೂ ಉತ್ತರ ಕೊಟ್ಟಿದೆ. ಟೂರಿಂಗ್ ಗಾಡಿಯನ್ನು ಶೋರೂಮಿನ ಸುತ್ತ ಒಂದು ಸುತ್ತು ಹೊಡೆದು ಅಳೆಯಬಾರದು; ಸಾಮಾನು ಕಟ್ಟಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ನಾಲ್ಕನೇ ಗಂಟೆಯ ಸವಾರಿಯಲ್ಲಿ ಬೆನ್ನು ಮತ್ತು ಮನಸ್ಸು ಹೇಗಿವೆ ಎಂದು ನೋಡಬೇಕು. ಆ ಅಳತೆಯಲ್ಲಿ ನನ್ನ ಮತ ಹೊಸದಕ್ಕೆ.

ನನ್ನ ಎತ್ತರ ಐದು ಅಡಿ ನಾಲ್ಕು ಅಂಗುಲ. ಕಾಲು ನೆಲಕ್ಕೆ ಎಟುಕುತ್ತದೆಯೇ?

ಹಳೆಯದರ ಸೀಟು ನೆಲದಿಂದ 800 ಮಿ.ಮೀ. ಎತ್ತರದಲ್ಲಿತ್ತು. ಹೊಸದರದ್ದು 825; ಬೇಕಿದ್ದರೆ 845ಕ್ಕೆ ಏರಿಸಬಹುದು. ಕಂಪನಿಯದೇ ತಗ್ಗು ಸೀಟು ಹಾಕಿಸಿದರೆ 805ಕ್ಕೆ ಇಳಿಯುತ್ತದೆ. ಹೊಸ ಸೀಟು ಮುಂಭಾಗದಲ್ಲಿ ಕಿರಿದಾಗಿರುವುದರಿಂದ ಅಂಕಿ ಹೆದರಿಸುವಷ್ಟು ಕಷ್ಟವಾಗುವುದಿಲ್ಲ. ಒಂದು ಪಾದ ಪೂರ್ತಿ ಊರಿದರೆ ಸಾಕು. ಆದರೂ ಇಳಿಜಾರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ತಳ್ಳಿ ನೋಡಿದ ಮೇಲೆಯೇ ಮುಂಗಡ ಕೊಡಿ.

ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಯಾಕೆ ಇಷ್ಟು?

ಬಿಡುಗಡೆಯ ಹೊತ್ತಿನಲ್ಲಿ ಪ್ರಾಸ್ತಾವಿಕ ಬೆಲೆ 2.69 ಲಕ್ಷ ರೂಪಾಯಿಯಿಂದ ಶುರುವಾಗಿತ್ತು, ಅದೂ ಶೋರೂಮ್ ದರ. ಆಮೇಲೆ ದೊಡ್ಡ ಪೆಟ್ಟು ಕೊಟ್ಟದ್ದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. 350 ದಾಟಿದ ಗಾಡಿಗಳಿಗೆ ಸೆಸ್ ಸೇರಿ ಶೇಕಡಾ 31 ಇದ್ದದ್ದು 40ಕ್ಕೆ ಏರಿತು. ವಿಮೆಯಲ್ಲೂ ಅದೇ ಗೆರೆ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರಲ್ಲಿ ನಿಗದಿಯಾದ ದರದಂತೆ 150ರಿಂದ 350 ಸಿಸಿ ಗಾಡಿಗೆ 7,365 ರೂಪಾಯಿಯಾದರೆ, 350 ದಾಟಿದರೆ 15,117. ಜೊತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆ. ಎಲ್ಲ ಕೂಡಿಸಿದ ಮೇಲಿನ ಮೊತ್ತವನ್ನು ಬರೆಸಿಕೊಳ್ಳಿ, ಶೋರೂಮ್ ದರ ನೋಡಿ ಮನೆಯಲ್ಲಿ ಮಾತು ಕೊಡಬೇಡಿ.

ಗೋವಾದಲ್ಲೋ ಕೊಲ್ಲಾಪುರದಲ್ಲೋ ನೋಂದಣಿ ಮಾಡಿಸಿದರೆ ಉಳಿಯುತ್ತದೆಯಲ್ಲವೇ?

ಬೆಳಗಾವಿಯಿಂದ ಎರಡೂ ಹತ್ತಿರ, ಆದ್ದರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ವ್ಯಾಪ್ತಿಯಲ್ಲಿ ನೋಂದಣಿಯಾಗಬೇಕು ಎನ್ನುತ್ತದೆ ಕಾನೂನು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ಸಂಖ್ಯೆ ಪಡೆಯಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಸುಳ್ಳು ವಿಳಾಸ ಕೊಟ್ಟು ಉಳಿಸಿದ ಹಣ ಅಪಘಾತದ ವಿಮೆ ಕೇಳುವ ದಿನ ಮುಳುವಾಗಬಹುದು. ಆ ದಾರಿ ಬೇಡ.

## ದಾರಿಗೆ ಇಳಿದ ಮೇಲೆ

ಹೆದ್ದಾರಿಯಲ್ಲಿ ಬೈಕಿಗೆ 80ರ ಮಿತಿ. 40 ಪಿಎಸ್ ತೆಗೆದುಕೊಂಡು ಏನು ಮಾಡುವುದು?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಕೇಳುವವರು ಯೋಚಿಸಿಯೇ ಕೇಳುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿದ ಮಿತಿಯಂತೆ ದ್ವಿಚಕ್ರ ವಾಹನಕ್ಕೆ ವಿಭಜಕವಿರುವ ಚತುಷ್ಪಥದಲ್ಲಿ ಗಂಟೆಗೆ 80 ಕಿ.ಮೀ., ಉಳಿದ ರಸ್ತೆಗಳಲ್ಲಿ 60. ಹಳೆಯ ಹಿಮಾಲಯನ್ ಈ ವೇಗವನ್ನು ಆರಾಮವಾಗಿ ಮುಟ್ಟುತ್ತದೆ. ಹಾಗಾದರೆ?

ಉತ್ತರ ಬೇಕಿದ್ದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರದ ಮೇಲೆ ಬಾಗಲಕೋಟೆಗೆ ಹೋಗಿ ಬನ್ನಿ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿರುತ್ತವೆ. ಒಂದೊಂದನ್ನು ದಾಟಲೂ ಎದುರಿನ ಪಟ್ಟಿಯಲ್ಲಿ ಬಹಳ ದೂರ ಸಾಗಬೇಕು. ಸವಾರ, ಹಿಂಬದಿ ಸವಾರ, ಸಾಮಾನು ಸೇರಿ 200 ಕೆ.ಜಿ. ಎಂದುಕೊಳ್ಳಿ. ಹಳೆಯ ಗಾಡಿಯಲ್ಲಿ ಒಟ್ಟು ಭಾರದ ಪ್ರತಿ 100 ಕೆ.ಜಿ.ಗೆ ಸಿಗುವುದು ಸುಮಾರು 6 ಪಿಎಸ್, ಹೊಸದರಲ್ಲಿ 10. ಈ ನಾಲ್ಕು ಪಿಎಸ್ ಎದುರಿನ ಪಟ್ಟಿಯಲ್ಲಿ ನೀವು ಇರುವ ಹೊತ್ತನ್ನು ಕಡಿಮೆ ಮಾಡುತ್ತದೆ. ಗರಿಷ್ಠ ವೇಗ ಎಷ್ಟು ಎಂದು ಕೇಳುವ ಹುಡುಗರಿಗೆ ನಾನು ಹೇಳುವುದೂ ಇದನ್ನೇ: 40ರಿಂದ 70ಕ್ಕೆ ಹೋಗಲು ಎಷ್ಟು ಹೊತ್ತು ಬೇಕು ಎಂದು ಕೇಳಿ.

ಇನ್ನೊಂದು ವಿನಂತಿ. ಹಂಗಾಮಿನ ದಿನಗಳಲ್ಲಿ ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಸವಾರಿ ಬೇಡ. ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಟ್ರಾಲಿ ರಸ್ತೆಯ ಮೇಲೇ ನಿಂತಿದ್ದರೆ ಎಷ್ಟು ಪಿಎಸ್ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ.

ವಿಜಯಪುರದ ಬಿಸಿಲಿಗೆ ಈ ಗಾಡಿ ತಡೆಯುತ್ತದೆಯೇ? ಕಾಲು ಸುಡುತ್ತದೆ ಎನ್ನುತ್ತಾರೆ.

ಎಂಜಿನ್ ತಡೆಯುತ್ತದೆ. ಕಾಲಿಗೆ ಬಿಸಿ ತಾಗುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಗಾಳಿಯಿಂದ ತಣಿಯುವ ಎಂಜಿನ್‌ಗೆ ಗಾಡಿ ಓಡುತ್ತಿದ್ದರೆ ಮಾತ್ರ ನೆಮ್ಮದಿ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಗೋಳಗುಮ್ಮಟದ ಮುಂದಿನ ದಟ್ಟಣೆಯಲ್ಲಿ ನಿಂತರೆ ಅದರ ಬಿಸಿ ಏರುತ್ತಲೇ ಹೋಗುತ್ತದೆ. ರೇಡಿಯೇಟರ್ ಇರುವ ಎಂಜಿನ್ ತನ್ನ ಬಿಸಿಯನ್ನು ಕೂಲಂಟ್ ಎಂಬ ತಣಿಸುವ ದ್ರವದ ಮೂಲಕ ಹೊರಹಾಕುತ್ತದೆ. ನಿಂತಾಗ ಫ್ಯಾನ್ ತಾನಾಗಿ ತಿರುಗುತ್ತದೆ. ಆ ಬಿಸಿಗಾಳಿ ಎಲ್ಲಿಗೋ ಹೋಗಲೇಬೇಕಲ್ಲ, ಮೊಣಕಾಲ ಕೆಳಗೆ ಬರುತ್ತದೆ. ಫ್ಯಾನ್ ಸದ್ದು ಕೇಳಿ ಗಾಡಿ ಕೆಟ್ಟಿತು ಎಂದು ಗಾಬರಿಯಾದವರನ್ನು ನೋಡಿದ್ದೇನೆ. ಅದು ತನ್ನ ಕೆಲಸ ಮಾಡುತ್ತಿದೆ, ಅಷ್ಟೆ. ದಪ್ಪ ಬಟ್ಟೆಯ ಪ್ಯಾಂಟು, ಕಣಕಾಲು ಮುಚ್ಚುವ ಬೂಟು ಹಾಕಿದರೆ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ.

ಸವಾರನ ದೇಹಕ್ಕೆ ಮಾತ್ರ ಯಾವ ರೇಡಿಯೇಟರೂ ಇಲ್ಲ. ಬೇಸಿಗೆಯಲ್ಲಿ ನಸುಕಿಗೇ ಹೊರಟು, ಬಿಸಿಲು ಏರುವ ಮುನ್ನ ಕೊಲ್ಹಾರ ಮುಟ್ಟಿ, ಅಲ್ಲಿನ ಗಡಿಗೆ ಮೊಸರಿನೊಂದಿಗೆ ರೊಟ್ಟಿ ತಿಂದು, ನೆರಳಿನಲ್ಲಿ ಮಧ್ಯಾಹ್ನ ಕಳೆಯುವುದೇ ಸರಿ.

ಖಡೇ ಬಜಾರಿನಲ್ಲಿ ಎರಡನೇ ಗೇರಿನಲ್ಲಿ ಹೋಗುವಾಗ ಗಾಡಿ ಜಗ್ಗುತ್ತದೆ. ದೋಷವೇ?

ಬಹುಪಾಲು ಇದು ಹಳೆಯ ಗಾಡಿಯ ರೂಢಿಯಿಂದ ಬರುವ ತೊಂದರೆ. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಹೊತ್ತಿಗೇ ಶೇಕಡಾ 90ರಷ್ಟು ಟಾರ್ಕ್ ಸಿಗುತ್ತದೆ ಎಂದು ಕಂಪನಿ ಹೇಳುತ್ತದೆ. ಅಂದರೆ 36 ಎನ್‌ಎಂ, ಹಳೆಯದರ ಗರಿಷ್ಠಕ್ಕಿಂತ ಹೆಚ್ಚು. ಅದಕ್ಕಿಂತ ಕೆಳಗೆ ಎಂಜಿನ್‌ಗೆ ಇಷ್ಟವಿಲ್ಲ. ಮೊದಲನೇ ಗೇರಿಗೆ ಇಳಿಸಿ. ಕ್ಲಚ್ ಹಗುರವಾಗಿದೆ, ಕೈ ನೋಯುವುದಿಲ್ಲ. ಪೇಟೆಯಲ್ಲಿ ಇಕೋ ಮೋಡ್ ಹಾಕಿದರೆ ಥ್ರಾಟಲ್ ಮೆತ್ತಗಾಗುತ್ತದೆ. ಇಷ್ಟು ಮಾಡಿಯೂ ಜಗ್ಗಿದರೆ ಚೈನ್ ಸಡಿಲವಾಗಿದೆಯೇ ನೋಡಿ.

ಮಳೆಗಾಲದಲ್ಲಿ ಚೋರ್ಲಾ ಘಾಟಿನ ಗುಂಡಿಗಳಿಗೆ ಹೊಸದರ ಶಾಕ್ ಅಬ್ಸಾರ್ಬರ್ ಹೇಗೆ?

ಹೊಸದು ಹಳೆಯದಕ್ಕಿಂತ ಹೆಚ್ಚು ಮುಂದೆ ಹೋಗಿರುವುದು ಇಲ್ಲಿಯೇ ಎಂದು ನನ್ನ ಭಾವನೆ. ಮುಂದೆ ಶೋವಾ ಕಂಪನಿಯ ತಲೆಕೆಳಗಾದ ಫೋರ್ಕ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಕೊಳವೆಗಳು) ಇದೆ, 43 ಮಿ.ಮೀ. ದಪ್ಪ. ಹಿಂದಿನ ಚಕ್ರ ಹಳೆಯದರಲ್ಲಿ 180 ಮಿ.ಮೀ. ಮೇಲೆ ಕೆಳಗೆ ಆಡುತ್ತಿತ್ತು, ಈಗ 200. ನೆಲದಿಂದ ಎತ್ತರ 230 ಮಿ.ಮೀ. ಕಣಕುಂಬಿ ದಾಟಿದ ಮೇಲೆ ನೀರು ತುಂಬಿದ ಗುಂಡಿಯ ಆಳ ತಿಳಿಯದೆ ಇಳಿದಾಗ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುವಂಥ ಅನುಭವ ಹೊಸದರಲ್ಲಿ ಕಡಿಮೆ. ಹಿಂದಿನ ಸ್ಪ್ರಿಂಗಿನ ಬಿಗಿತವನ್ನು ಹೊಂದಿಸಬಹುದು. ಇಬ್ಬರು ಕೂರುವಾಗ ತಪ್ಪದೆ ಬಿಗಿ ಮಾಡಿಸಿ, ಇಲ್ಲದಿದ್ದರೆ ಹಿಂಭಾಗ ಕುಸಿದು ಮುಂದಿನ ದೀಪ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಎಬಿಎಸ್ ಎಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಹಿಂದಿನ ಚಕ್ರದ ಎಬಿಎಸ್ ಆರಿಸುವ ಸೌಲಭ್ಯ ಜಲ್ಲಿ, ಮಣ್ಣಿನ ದಾರಿಗೆ. ಒದ್ದೆ ಡಾಂಬರಿನ ಮೇಲೆ ಅದನ್ನು ಆರಿಸಬೇಡಿ.

ಹೆಂಡತಿ ಸೀರೆ ಉಟ್ಟು ಹಿಂದೆ ಕೂರುತ್ತಾರೆ. ಸಾಮಾನಿನ ಪೆಟ್ಟಿಗೆ ಹಾಕಿಸಲು ಸೀರೆ ಗಾರ್ಡ್ ತೆಗೆಸಬಹುದೇ?

ತೆಗೆಸಬೇಡಿ. ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ, ಹಿಡಿಕೆ, ಪಾದದ ಆಸರೆ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೆರಗು ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತ ಯಾವ ಊರಿಗೂ ಹೊಸದಲ್ಲ. ಗಾರ್ಡ್ ಉಳಿಸಿಕೊಂಡೇ ಕೂರಿಸಬಹುದಾದ ಪೆಟ್ಟಿಗೆ ಆರಿಸಿ, ಸಿಗದಿದ್ದರೆ ಸೀಟಿನ ಹಿಂದೆ ಕಟ್ಟುವ ಚೀಲ ಸಾಕು. ದೂರದ ಪ್ರಯಾಣಕ್ಕೆ ಚೂಡಿದಾರವೋ ಪ್ಯಾಂಟೋ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರುವುದು ಅವರಿಗೂ ಸುಖ, ಗಾಡಿಯ ತೂಕಕ್ಕೂ ಸಮ.

ಹೊಸ ಪರದೆಯಲ್ಲಿ ಮ್ಯಾಪ್ ಬರುತ್ತದಂತೆ. ಮೊಬೈಲ್ ಸ್ಟ್ಯಾಂಡ್ ಬೇಡವೇ?

ನಾಲ್ಕು ಅಂಗುಲದ ದುಂಡು ಪರದೆಯಲ್ಲಿ ಗೂಗಲ್ ಮ್ಯಾಪ್ ಕಾಣುತ್ತದೆ, ಮೊಬೈಲ್ ಜೇಬಿನಲ್ಲೇ ಇರಬಹುದು. ಆದರೆ ದಾರಿ ತೋರಿಸುವುದು ಮೊಬೈಲ್, ಪರದೆ ಅದರ ಕನ್ನಡಿ ಮಾತ್ರ. ಘಾಟಿನಲ್ಲಿ ಸಿಗ್ನಲ್ ಹೋಗುವುದು ಸಾಮಾನ್ಯ, ಆದ್ದರಿಂದ ಹೊರಡುವ ಮೊದಲೇ ದಾರಿ ಹಾಕಿಟ್ಟುಕೊಳ್ಳಿ. ಐಹೊಳೆ, ಪಟ್ಟದಕಲ್ಲಿನ ಕಡೆಗೆ ಮ್ಯಾಪ್‌ಗಿಂತ ಹೊಲದಲ್ಲಿರುವ ಅಜ್ಜನನ್ನು ಕೇಳುವುದೇ ಉತ್ತಮ. ಹಳ್ಳ ತುಂಬಿದೆಯೋ ಇಲ್ಲವೋ ಅವರಿಗೇ ಗೊತ್ತು.

ಟ್ಯೂಬ್‌ಲೆಸ್ ಇಲ್ಲವಂತೆ, ನಡುದಾರಿಯಲ್ಲಿ ಪಂಕ್ಚರ್ ಆದರೆ?

ಮೊದಲು ಬಂದ ಗಾಡಿಗಳಿಗೆ ಕಡ್ಡಿ ಚಕ್ರ ಮತ್ತು ಟ್ಯೂಬ್. ಈ ಬೆಲೆಯ ಟೂರಿಂಗ್ ಗಾಡಿಗೆ ಟ್ಯೂಬ್ ಏಕೆ ಎಂದು ಸವಾರರು ಸಿಟ್ಟಾದದ್ದು ನ್ಯಾಯವೇ. 2024ರಲ್ಲಿ ಟ್ಯೂಬ್‌ಲೆಸ್ ಕಡ್ಡಿ ಚಕ್ರಗಳು ಪ್ರತ್ಯೇಕ ಹಣಕ್ಕೆ ಸಿಗತೊಡಗಿದವು. ಹೊಸದಾಗಿ ಕೊಳ್ಳುವವರು ಬೇರೆ ಅಲಂಕಾರದ ಸಾಮಾನು ಬಿಟ್ಟಾದರೂ ಇದನ್ನು ಹಾಕಿಸಿಕೊಳ್ಳಿ. ಟ್ಯೂಬ್ ಚಕ್ರವೇ ಇರುವವರು 21 ಅಂಗುಲದ ಟ್ಯೂಬನ್ನು ಚೀಲದಲ್ಲಿ ಇಟ್ಟುಕೊಂಡಿರಬೇಕು; ಆ ಅಳತೆಯದು ಸಣ್ಣ ಊರುಗಳ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಅಪರೂಪ.

## ಒಳಹೊರಗು ಬಲ್ಲವರಿಗೆ

ಊರಿನ ಮೆಕ್ಯಾನಿಕ್ ಕೈಯಲ್ಲಿ ಏನೇನು ಮಾಡಿಸಬಹುದು?

ಚೈನ್, ಬ್ರೇಕ್ ಪ್ಯಾಡ್, ಟೈರ್, ಆಯಿಲ್, ಏರ್ ಫಿಲ್ಟರ್ ಕೆಲಸಗಳು ಅನುಭವವಿರುವ ಯಾವ ಮೆಕ್ಯಾನಿಕ್‌ಗೂ ಕಷ್ಟವಲ್ಲ. ವಾರಂಟಿ ಇರುವಷ್ಟು ದಿನ ಬಿಲ್ಲು ಮತ್ತು ದಾಖಲೆ ಮುಖ್ಯ, ಆದ್ದರಿಂದ ಅಧಿಕೃತ ಸರ್ವಿಸ್ ತಪ್ಪಿಸಬೇಡಿ. ಹಳೆಯದರ ಟ್ಯಾಪೆಟ್ ಅನ್ನು, ಅಂದರೆ ವಾಲ್ವ್‌ನ ಸಂದನ್ನು, ಸ್ಪ್ಯಾನರ್ ಮತ್ತು ಫೀಲರ್ ಗೇಜ್ ಹಿಡಿದು ಅಂಗಳದಲ್ಲೇ ಹೊಂದಿಸುತ್ತಿದ್ದೆವು. ಹೊಸದರ ವಾಲ್ವ್ ಕೆಲಸಕ್ಕೆ ಸರಿಯಾದ ಉಪಕರಣ, ತರಬೇತಿ ಎರಡೂ ಬೇಕು. ಎಲೆಕ್ಟ್ರಾನಿಕ್ ದೋಷಕ್ಕೆ ಸ್ಕ್ಯಾನರ್ ಇಲ್ಲದೆ ಊಹೆಯ ಮೇಲೆ ವೈರು ಕತ್ತರಿಸಲು ಬಿಡಬೇಡಿ. ಹೆಚ್ಚುವರಿ ದೀಪ ಜೋಡಿಸುವಾಗಲೂ ಅಷ್ಟೆ.

ಎರೆಮಣ್ಣಿನ ದಾರಿಯಲ್ಲಿ ಹೋಗಿ ಬಂದ ಮೇಲೆ ಗಾಡಿ ಬಿಸಿಯಾಗುತ್ತಿದೆ. ಏನಾಗಿರಬಹುದು?

ಮೊದಲು ರೇಡಿಯೇಟರ್‌ನ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿ. ವಿಜಯಪುರ, ಬಾಗಲಕೋಟೆಯ ಕಪ್ಪು ಮಣ್ಣು ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ಮುಂದಿನ ಚಕ್ರ ಎರಚಿದ ಕೆಸರು ರೇಡಿಯೇಟರ್‌ನ ತೆಳು ರೆಕ್ಕೆಗಳ ನಡುವೆ ಕೂತು ಒಣಗಿದರೆ ಗಾಳಿ ಹಾಯುವುದಿಲ್ಲ. ವಾಷಿಂಗ್ ಸೆಂಟರ್‌ನ ಜೋರು ನೀರನ್ನು ಹತ್ತಿರದಿಂದ ಬಿಡಿಸಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮಣ್ಣನ್ನು ನೆನೆಸಿ, ಸಾಧಾರಣ ಪೈಪಿನ ನೀರಿನಿಂದ, ಮೆತ್ತನೆಯ ಬ್ರಷ್‌ನಿಂದ ನಿಧಾನವಾಗಿ ತೊಳೆಯಿರಿ. ಒಂದು ಜಾಲರಿ ಗಾರ್ಡ್ ಹಾಕಿಸುವುದು ಒಳ್ಳೆಯದು, ಕಲ್ಲಿನ ಏಟಿನಿಂದಲೂ ಕಾಪಾಡುತ್ತದೆ.

ಆಮೇಲೆ ಕೂಲಂಟ್ ಮಟ್ಟ ನೋಡಿ. ಕಡಿಮೆಯಿದ್ದರೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆಯ ಸವಳು ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ, ಎಂಜಿನ್ ಒಳಗೂ ಅದೇ ಆಗುತ್ತದೆ. ಕೂಲಂಟನ್ನೇ ಹಾಕಬೇಕು; ತೀರಾ ಅನಿವಾರ್ಯವಾದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್‌ನ ಮುಚ್ಚಳ ತೆರೆಯಲೇಬೇಡಿ, ಒಳಗಿನ ಒತ್ತಡಕ್ಕೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ.

ಹಳೆಯ 411ಕ್ಕೆ ಇ20 ಪೆಟ್ರೋಲ್ ಹಾಕಿದರೆ ಹಾಳಾಗುತ್ತದೆಯೇ?

ಇ20 ಎಂದರೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ನಮ್ಮ ಜಿಲ್ಲೆಗಳ ಕಬ್ಬಿನಿಂದಲೇ ಎಥನಾಲ್ ಆಗುತ್ತದೆ; ಈ ವಿಷಯದಲ್ಲಿ ರೈತನ ಮನೆಯವರಾದ ಸವಾರರಿಗೆ ಎರಡು ಮನಸ್ಸು, ನನಗೂ. ಎಥನಾಲ್‌ನಲ್ಲಿ ಅಷ್ಟೇ ಪೆಟ್ರೋಲ್‌ಗಿಂತ ಶಕ್ತಿ ಮೂರನೇ ಒಂದು ಭಾಗದಷ್ಟು ಕಡಿಮೆ. ಆದ್ದರಿಂದ ಶೇಕಡಾ 20ರ ಮಿಶ್ರಣದಲ್ಲಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. 2023ರ ಏಪ್ರಿಲ್‌ಗೆ ಮೊದಲಿನ ಗಾಡಿಗಳ ರಬ್ಬರ್ ಪೈಪು, ಸೀಲುಗಳನ್ನು ಈ ಮಿಶ್ರಣಕ್ಕಾಗಿ ಮಾಡಿದ್ದಲ್ಲ. ಸರ್ವಿಸ್ ಮಾಡಿಸುವಾಗಲೆಲ್ಲ ಪೆಟ್ರೋಲ್ ಪೈಪುಗಳು ಬಿರುಕು ಬಿಟ್ಟಿವೆಯೇ, ಮೆತ್ತಗಾಗಿವೆಯೇ ನೋಡಿಸಿ, ಅನುಮಾನ ಬಂದರೆ ಬದಲಾಯಿಸಿ. ಎಥನಾಲ್ ತೇವ ಹೀರುತ್ತದೆ, ಆದ್ದರಿಂದ ಮಳೆಗಾಲವಿಡೀ ಗಾಡಿ ನಿಲ್ಲಿಸಿಡಬೇಡಿ.

ನನಗೆ ಕಚ್ಚಾ ದಾರಿಯ ಹುಚ್ಚಿಲ್ಲ. ಬೇರೆ ಯಾವುದು ನೋಡಲಿ?

ಇದೇ ಶೆರ್ಪಾ ಎಂಜಿನ್ ಇರುವ ಗೆರಿಲ್ಲಾ 450 ಇದೆ, 2024ರಲ್ಲಿ ಬಂದದ್ದು. ಎರಡೂ ಚಕ್ರ 17 ಅಂಗುಲ, ತಗ್ಗಾಗಿದೆ, ಪೇಟೆಗೆ ಚುರುಕು. ಟ್ಯಾಂಕ್ ಮಾತ್ರ 11 ಲೀಟರ್, ದೂರ ಹೋಗುವವರು ಯೋಚಿಸಬೇಕು. ಹಳೆಯ ಎಂಜಿನ್‌ನ ಗುಣವೇ ಬೇಕು ಎನ್ನುವವರಿಗೆ 2025ರ ಜನವರಿಯಲ್ಲಿ ಬಂದ ಸ್ಕ್ರ್ಯಾಮ್ 440 ಹತ್ತಿರದ ನೆಂಟ: ಗಾಳಿಯಿಂದಲೇ ತಣಿಯುತ್ತದೆ, ಆರು ಗೇರ್ ಇವೆ.

ಕೊನೆಗೆ ಹೇಳಿ ಸರ್, ಇರುವ 411 ಮಾರಿ ಹೊಸದು ತೆಗೆದುಕೊಳ್ಳಲೇ?

ವರ್ಷದಲ್ಲಿ ಕೆಲವೇ ಸಲ ಊರಿನ ಸುತ್ತಮುತ್ತ ಒಬ್ಬರೇ ಹೋಗುವವರಾದರೆ, ಗಾಡಿ ಸುಸ್ಥಿತಿಯಲ್ಲಿದ್ದರೆ, ಮಾರಬೇಡಿ. ಹೊಸ ಟೈರ್, ಹೊಸ ಚೈನ್ ಸೆಟ್, ಫೋರ್ಕ್ ಆಯಿಲ್, ಒಳ್ಳೆಯ ಬ್ರೇಕ್ ಪ್ಯಾಡ್ ಹಾಕಿಸಿದರೆ ಅದು ಇನ್ನೂ ಬಹಳ ವರ್ಷ ನಿಮ್ಮೊಂದಿಗಿರುತ್ತದೆ. ಇಬ್ಬರು ಕೂತು ಪುಣೆ, ಹಂಪಿ, ಗೋಕರ್ಣದ ಕಡೆ ಆಗಾಗ ಹೋಗುವವರಾದರೆ ಹೊಸದು ತೆಗೆದುಕೊಳ್ಳಿ; ಬ್ರೇಕ್ ಮತ್ತು ದಾಟುವ ಶಕ್ತಿ, ಈ ಎರಡಕ್ಕೇ ಆ ಹಣ ಸಲ್ಲುತ್ತದೆ.

ಸೆಕೆಂಡ್ ಹ್ಯಾಂಡ್ 411 ಹುಡುಕುವವರಿಗೂ ಇದು ಒಳ್ಳೆಯ ಕಾಲ, ಮಾರುವವರು ಇದ್ದಾರೆ. 2020ರ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ಮಾನದಂಡದ) ಗಾಡಿಗೆ ಮೊದಲ ಆದ್ಯತೆ ಕೊಡಿ, ಹಿಂದಿನ ಚಕ್ರದ ಎಬಿಎಸ್ ಆರಿಸುವ ಸೌಲಭ್ಯ ಬಂದದ್ದು ಆಗಲೇ. ತಣ್ಣಗಿರುವ ಎಂಜಿನ್ ಅನ್ನು ನಿಮ್ಮ ಮುಂದೆಯೇ ಚಾಲೂ ಮಾಡಿಸಿ ಸದ್ದು ಕೇಳಿ. ಹ್ಯಾಂಡಲ್ ಎರಡೂ ಕಡೆ ನಿಧಾನಕ್ಕೆ ತಿರುಗಿಸಿ, ನಡುವೆ ಸಿಕ್ಕಿಕೊಂಡಂತಾದರೆ ಬೇರಿಂಗ್ ಹೋಗಿದೆ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ. ಮಂಕಾಗಿ ಕೇಳುವ ಕಡ್ಡಿ ಸಡಿಲ. ಸರ್ವಿಸ್ ಪುಸ್ತಕ ಮತ್ತು ಎರಡೂ ಕೀಲಿ ಕೈಗೆ ಬಂದ ಮೇಲೆ ಹಣ ಕೊಡಿ.